ಬಾಗಿಲು ತೆರೆದಿಟ್ಟು ಕಲಿತ ಹೊಲಿಗೆ

ನನ್ನ ಹೆಂಡತಿಗೆ ದೆಹಲಿಗೆ ಡೆಪ್ಯುಟೇಶನ್ ಆದಾಗ ನಾನು ದಾವಣಗೆರೆಯ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಪಾಠ ಮಾಡುತ್ತಿದ್ದೆ. ಅವಳದು ಕೇಂದ್ರ ಸರ್ಕಾರದ ಕೆಲಸ. ನನ್ನದು ಆಡಳಿತ ಮಂಡಳಿಯ ಮರ್ಜಿಯ ಮೇಲೆ ವರ್ಷದಿಂದ ವರ್ಷಕ್ಕೆ ಮುಂದುವರಿಯುವ ಕೆಲಸ. ಇಬ್ಬರಲ್ಲಿ ಯಾರು ಬಿಡಬೇಕು ಎಂದು ತೀರ್ಮಾನಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಗಳು ಆಗಿನ್ನೂ ಯುಕೆಜಿ. "ಎರಡು ವರ್ಷ ತಾನೆ? ಮಗು ಸ್ವಲ್ಪ ದೊಡ್ಡದಾಗುತ್ತೆ, ಆಮೇಲೆ ವಾಪಸ್ ಬಂದುಬಿಡೋಣ" ಎಂದು ನಾನೇ ಹೇಳಿದ್ದೆ. ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ನಾನು ಹೇಳುವುದರಲ್ಲಿ ಬಹುಪಾಲು ಸಿಕ್ಕಿಹಾಕಿಕೊಂಡವನ ಮಾತು, ಸಿಕ್ಕಿಸಿದವರು ಯಾರೂ ಇಲ್ಲ.

ಮಯೂರ್ ವಿಹಾರದ ಒಂದು ಸೊಸೈಟಿಯಲ್ಲಿ ಮೂರನೆಯ ಮಹಡಿಯ ಬಾಡಿಗೆ ಮನೆ ಹಿಡಿದೆವು. ಬೆಳಿಗ್ಗೆ ಹೆಂಡತಿ ಮೆಟ್ರೋ ಹಿಡಿಯಲು ಓಡುವಳು, ಮಗಳು ಶಾಲೆಯ ಬಸ್ಸು ಹತ್ತುವಳು. ಮನೆಯಲ್ಲಿ ನಾನು, ನೆನೆಹಾಕಿದ ಪಾತ್ರೆಗಳು ಮತ್ತು ಫ್ರಿಜ್ಜಿನ ಗುಂಯ್‌ಗುಡುವ ಸದ್ದು ಉಳಿಯುತ್ತಿದ್ದೆವು. ಮೊದಮೊದಲು ಇದರಲ್ಲೊಂದು ಉತ್ಸಾಹವಿತ್ತು. ಚಪಾತಿ ದುಂಡಗೆ ಲಟ್ಟಿಸಲು ಕಲಿತೆ. ತರಕಾರಿ ಗಾಡಿಯ ಭಯ್ಯಾನ ಹತ್ತಿರ ಹರುಕುಮುರುಕು ಹಿಂದಿಯಲ್ಲಿ ಚೌಕಾಸಿ ಮಾಡಿ, ಕೊತ್ತಂಬರಿ ಸೊಪ್ಪು ಪುಕ್ಕಟೆ ಹಾಕಿಸಿಕೊಂಡು ಬಂದಾಗ ಏನೋ ಗೆದ್ದಂತೆ ಅನಿಸುತ್ತಿತ್ತು. ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಆ ಉತ್ಸಾಹ ಇಳಿದುಹೋಯಿತು. ಗಂಡಸೊಬ್ಬ ಹಗಲು ಹನ್ನೊಂದು ಗಂಟೆಗೆ ಸೊಸೈಟಿಯ ಮೆಟ್ಟಿಲ ಮೇಲೆ ಕೈಚೀಲ ಹಿಡಿದು ಎದುರಾದರೆ ಜನ ಅವನಿಗೊಂದು ಅರ್ಥ ಹುಡುಕುತ್ತಾರೆ. "ವರ್ಕ್ ಫ್ರಮ್ ಹೋಮ್, ಭಾಯ್ ಸಾಬ್?" ಎಂದು ಅವರೇ ಅರ್ಥವನ್ನೂ ಕೊಡುತ್ತಿದ್ದರು. ನಾನು ಹೌದೂ ಅಲ್ಲದ ಅಲ್ಲವೂ ಅಲ್ಲದ ಹಾಗೆ ತಲೆಯಾಡಿಸಿ ಮೆಟ್ಟಿಲು ಹತ್ತುತ್ತಿದ್ದೆ. ದಾವಣಗೆರೆಯಲ್ಲಿ ಹಾಲು ತರಲು ಹೋದರೂ "ನಮಸ್ಕಾರ ಸಾರ್" ಎನ್ನದೆ ಯಾರೂ ನನ್ನನ್ನು ದಾಟಿಹೋದದ್ದಿಲ್ಲ.

ಎರಡು ವರ್ಷ ತುಂಬಿತು. ಡೆಪ್ಯುಟೇಶನ್ ಮುಂದುವರಿಯಿತು. ಆಗ ನನಗೆ ನಾನಿರುವ ಮನೆಯ ಅಳತೆ ನಿಜವಾಗಿ ಗೊತ್ತಾಗತೊಡಗಿತು.

ಹೊಲಿಗೆಯ ಮಿಷನ್ ಆ ಮನೆಯಲ್ಲಿ ಮೊದಲಿನಿಂದಲೂ ಇತ್ತು. ಅದು ಮಾಲೀಕರದು. ಹಿಂದಿನ ಬಾಲ್ಕನಿಗೆ ಗಾಜು ಹಾಕಿಸಿ ಮಾಡಿದ್ದ ಚಿಕ್ಕ ಕೋಣೆಯಲ್ಲಿ ತಮ್ಮ ಸಾಮಾನು ಒಂದಿಷ್ಟು ಬಿಟ್ಟುಹೋಗಿದ್ದರು. ಒಂದು ಟ್ರಂಕು, ಮಡಚುವ ಮಂಚ, ಮತ್ತು ಹಳೆಯ ಬೆಡ್‌ಶೀಟು ಹೊದಿಸಿದ ಕಾಲಿನಲ್ಲಿ ತುಳಿಯುವ ಮಿಷನ್. ನಾವು ಅದರ ಮೇಲೆ ಇಸ್ತ್ರಿಗೆ ಹಾಕುವ ಬಟ್ಟೆ ಪೇರಿಸುತ್ತಿದ್ದೆವು.

ಒಂದು ಸಂಜೆ ಮಗಳು ಶಾಲೆಯಿಂದ ಬಂದಾಗ ಅವಳ ಯೂನಿಫಾರ್ಮಿನ ಸ್ಕರ್ಟಿನ ಮಡಿಕೆ ಸೊಂಟದಿಂದ ಬಿಟ್ಟು ನೇತಾಡುತ್ತಿತ್ತು. ಬಸ್ಸಿನ ಸೀಟಿನ ಮೊಳೆಗೆ ಸಿಕ್ಕಿತಂತೆ. ಇನ್ನೊಂದು ಸ್ಕರ್ಟು ಒಗೆಯಲು ಹಾಕಿ ನೀರಲ್ಲಿತ್ತು. ಗೇಟಿನ ಪಕ್ಕ ಮರದ ಕೆಳಗೆ ಮಿಷನ್ ಇಟ್ಟುಕೊಂಡು ಕೂರುವ ದರ್ಜಿ ಭಯ್ಯಾ ಛಠ್ ಹಬ್ಬಕ್ಕೆಂದು ಬಿಹಾರಕ್ಕೆ ಹೋಗಿದ್ದ. ಸೂಜಿ ದಾರ ತೆಗೆದುಕೊಂಡು ಕೈಯಲ್ಲೇ ಹೊಲಿದುಬಿಡಬಹುದಿತ್ತು. ಆದರೆ ಅಂದು ನನಗೆ ಏನನ್ನಿಸಿತೋ, ಇಸ್ತ್ರಿ ಬಟ್ಟೆಗಳನ್ನು ಮಂಚದ ಮೇಲೆ ಸುರಿದು ಆ ಬೆಡ್‌ಶೀಟು ತೆಗೆದೆ. ಮೊಬೈಲಿನಲ್ಲಿ ಒಂದು ವಿಡಿಯೋ ಹಾಕಿಕೊಂಡು ದಾರ ಪೋಣಿಸಿದೆ. ಪೆಡಲ್ ತುಳಿದರೆ ಚಕ್ರ ಹಿಂದಕ್ಕೆ ತಿರುಗಿತು. ಕೈಯಿಂದ ಮುಂದಕ್ಕೆ ತಿರುಗಿಸಿ ಮತ್ತೆ ತುಳಿದೆ. ನಾಲ್ಕು ಹೆಜ್ಜೆ ಮುಂದೆ ಹೋಗಿ ಪುನಃ ಹಿಂದಕ್ಕೆ ಬಂತು. ಬಟ್ಟೆಯ ಅಡಿಯಲ್ಲಿ ದಾರ ಕಗ್ಗಂಟಾಗಿ ಕೂತಿತು. ಎಳೆದೆ. ಸೂಜಿ ಟಕ್ಕೆಂದು ಮುರಿಯಿತು.

"ಪಪ್ಪಾ, ಟೂಟ್ ಗಯಾ" ಎಂದಳು ಮಗಳು. ಮುರಿದದ್ದು ನನಗೂ ಕಾಣುತ್ತಿತ್ತು.

ನೆಲಮಹಡಿಯಲ್ಲಿ ಒಬ್ಬ ಪಂಜಾಬಿ ವಿಧವೆ ಇದ್ದರು. ಎಪ್ಪತ್ತು ದಾಟಿದವರು. ಮಧ್ಯಾಹ್ನದ ಹೊತ್ತು ಅವರ ಹಾಲ್‌ನಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ಬಾಗಿಲ ಪಕ್ಕ 'ಸಿಲಾಯಿ ಸೆಂಟರ್' ಎಂದು ಬರೆದ ತಗಡು ತೂಗುತ್ತಿತ್ತು. ಇಡೀ ಸೊಸೈಟಿಗೆ ಅವರು ಆಂಟೀಜಿ. ನಾನು ಆ ಸ್ಕರ್ಟನ್ನೂ ಮುರಿದ ಸೂಜಿಯನ್ನೂ ಹಿಡಿದುಕೊಂಡು ಅವರ ಬಾಗಿಲು ತಟ್ಟಿದೆ. ಅವರು ಸ್ಕರ್ಟನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು ನೋಡಿದರು. ಬಲಗಣ್ಣಿನಲ್ಲಿ ಪೊರೆ ಬಂದಿತ್ತು, ಆಪರೇಷನ್ ಎಂದರೆ ಭಯ.

"ಯಾರು ಹೊಲಿದದ್ದು ಇದನ್ನ?"

"ನಾನೇ ಆಂಟೀಜಿ."

"ಬೇಟಾ, ಇದಕ್ಕೆ ಹೊಲಿಗೆ ಅನ್ನಲ್ಲ" ಎಂದು ನಕ್ಕರು. ಸೂಜಿಯ ಚಪ್ಪಟೆ ಮಗ್ಗುಲನ್ನು ತಿರುಗುಮುರುಗು ಹಾಕಿದ್ದೆ, ಬಟ್ಟೆ ಒತ್ತುವ ಪಾದವನ್ನು ಕೆಳಗಿಳಿಸದೆಯೇ ತುಳಿದಿದ್ದೆ. ಎರಡನ್ನೂ ಆ ಕಗ್ಗಂಟು ನೋಡಿಯೇ ಹೇಳಿಬಿಟ್ಟರು. ತಮ್ಮ ಮಿಷನ್ನಿನಲ್ಲಿ ಮಡಿಕೆ ಕೂರಿಸಿ ಹೊಲಿದುಕೊಟ್ಟರು. ಆದರೆ ಅದಕ್ಕೆ ಮೊದಲು ಸೂಜಿಗೆ ದಾರ ಪೋಣಿಸಿಕೊಡು ಎಂದು ನನ್ನನ್ನೇ ಕೇಳಿದರು. ಹುಡುಗಿಯರು ಬರುವವರೆಗೂ ಅವರ ಮಿಷನ್ ದಾರವಿಲ್ಲದೆ ಕೂತಿರುತ್ತಿತ್ತಂತೆ.

"ನನಗೂ ಕಲಿಸ್ತೀರಾ?" ಎಂದು ಕೇಳಿದೆ. ಕೇಳುವ ಯೋಚನೆ ಇಟ್ಟುಕೊಂಡು ಇಳಿದು ಬಂದಿರಲಿಲ್ಲ.

"ಯಾಕೆ ಕಲಿಸಲ್ಲ? ನಾಳೆ ಮೂರು ಗಂಟೆಗೆ ಬಾ."

ಮರುದಿನ ಹೋದೆ. ಐದಾರು ಹುಡುಗಿಯರು ನೆಲದ ಮೇಲೆ ಪೇಪರು ಹರಡಿಕೊಂಡು ಕತ್ತರಿಸುತ್ತಿದ್ದರು. ನಾನು ಒಳಗೆ ಬಂದೊಡನೆ ಮಾತು ನಿಂತಿತು. ಒಬ್ಬಳು ದುಪಟ್ಟಾ ಸರಿಮಾಡಿಕೊಂಡಳು. ನಾನು ಮೂಲೆಯ ಸ್ಟೂಲಿನ ಮೇಲೆ ಮೊಣಕಾಲು ಕೂಡಿಸಿಕೊಂಡು ಕೂತೆ. ಆ ಒಂದು ಗಂಟೆಯಲ್ಲಿ ಯಾರೂ ನಗಲಿಲ್ಲ, ಹಾಡು ಗುನುಗಲಿಲ್ಲ. ಸಂಜೆ ಆಂಟೀಜಿ ಇಂಟರ್‌ಕಾಮಿನಲ್ಲಿ ಮಾತಾಡಿದರು. ಹುಡುಗಿಯರ ತಾಯಂದಿರಿಬ್ಬರು ಬಂದು ಹೇಳಿಹೋಗಿದ್ದರಂತೆ. ಗಂಡಸರು ಬರುವುದಾದರೆ ನಮ್ಮ ಮಕ್ಕಳನ್ನು ಕಳಿಸುವುದಿಲ್ಲ ಎಂದು.

"ಬೇಜಾರು ಮಾಡ್ಕೋಬೇಡ" ಎಂದರು.

"ಇಲ್ಲ ಇಲ್ಲ ಆಂಟೀಜಿ, ಅವರು ಹೇಳೋದು ಸರಿ."

ಸರಿ ಎಂದು ನನಗೆ ಅನ್ನಿಸಿಯೂ ಇತ್ತು. ನನ್ನ ಮಗಳೇ ಅಲ್ಲಿ ಕೂತಿದ್ದರೆ ನಾನೂ ಹಾಗೇ ಹೇಳುತ್ತಿದ್ದೆನೋ ಏನೋ. ಆದರೂ ಇಂಟರ್‌ಕಾಮ್ ಇಟ್ಟಮೇಲೆ ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ. ಕಾಲೇಜಿನಲ್ಲಿ ತರಗತಿ ತುಂಬ ಹುಡುಗಿಯರಿಗೆ ಪಾಠ ಮಾಡಿದವನು ನಾನು. ಅವರ ತಂದೆತಾಯಿ ನನ್ನನ್ನು ಹುಡುಕಿಕೊಂಡು ಬಂದು "ನೀವೇ ನೋಡ್ಕೊಳ್ಳಿ ಸಾರ್" ಎನ್ನುತ್ತಿದ್ದರು. ಇಲ್ಲಿ ನಾನು ಮೂರನೆಯ ಮಹಡಿಯ ಗಂಡಸು, ಅಷ್ಟೆ.

ಆಂಟೀಜಿ ಬೇರೆ ದಾರಿ ಹುಡುಕಿದರು. ಬೆಳಗಿನ ಹೊತ್ತು, ಅವರ ಮನೆಗೆಲಸದವಳು ಇರುವಾಗ, ನಾನೊಬ್ಬನೇ ಹೋಗುವುದು. ಮರದ ಬಾಗಿಲು ಪೂರ್ತಿ ತೆಗೆದಿಟ್ಟು, ಹೊರಗಿನ ಜಾಲರಿ ಬಾಗಿಲನ್ನೂ ಗೋಡೆಗೆ ಒರಗಿಸಿಡುವುದು. ಹೋಗಿಬರುವವರಿಗೆಲ್ಲ ಒಳಗೆ ಏನು ನಡೆಯುತ್ತಿದೆ ಎಂದು ಕಾಣಬೇಕು. ಬೆಳಗಿನ ಚಳಿಗಾಳಿ ಆ ಬಾಗಿಲಿಂದ ನೇರ ಒಳಗೆ ನುಗ್ಗಿ ನನ್ನ ಕಾಲ ಬೆರಳು ತಣ್ಣಗಾಗುತ್ತಿದ್ದವು. ಲಿಫ್ಟಿಗೆ ಕಾಯುವವರು ನನ್ನ ಬೆನ್ನು ನೋಡುತ್ತ ನಿಲ್ಲುತ್ತಿದ್ದರು. ಕೊರಿಯರಿನವನೊಬ್ಬ ಒಮ್ಮೆ "ಪ್ಯಾಂಟ್ ಆಲ್ಟರ್ ಮಾಡ್ತೀರಾ?" ಎಂದು ಕೇಳಿದ.

ಮೊದಲ ವಾರ ಅವರು ನನಗೆ ದಾರ ಕೊಡಲೇ ಇಲ್ಲ. ಗೆರೆ ಹಾಕಿದ ಹಾಳೆ ಕೊಟ್ಟು, ಬರಿಯ ಸೂಜಿಯಲ್ಲಿ ಗೆರೆಯ ಮೇಲೇ ತೂತು ಬೀಳುವಂತೆ ಓಡಿಸು ಎಂದರು. ಪೆಡಲ್ ಮೇಲೆ ಪಾದವನ್ನು ಹೇಗಿಡಬೇಕು, ಹಿಮ್ಮಡಿ ಎಲ್ಲಿ, ಬೆರಳು ಎಲ್ಲಿ, ಯಾವಾಗ ಕೈಯಿಂದ ಚಕ್ರ ಹಿಡಿದು ನಿಲ್ಲಿಸಬೇಕು ಎಂಬುದು ತಲೆಗೆ ಸುಲಭವಾಗಿ ಹೋಗುತ್ತಿತ್ತು, ಕಾಲಿಗೆ ಹೋಗುತ್ತಿರಲಿಲ್ಲ. ಹಾಳೆ ಎಡಕ್ಕೆ ಜಾರಿದರೆ ನಾನು ಬಲಕ್ಕೆ ಜಗ್ಗುತ್ತಿದ್ದೆ, ಹರಿಯುತ್ತಿತ್ತು. "ಎಳೀಬೇಡ. ಅದು ತಾನೇ ಹೋಗುತ್ತೆ. ನೀನು ದಾರಿ ತೋರಿಸು ಸಾಕು" ಎನ್ನುವರು. ಆಮೇಲೆ ಅವರೇ ನಿದ್ದೆಗೆ ಜಾರಿಬಿಡುವರು. ಕಲಿಸುವುದರಲ್ಲಿ ಶಿಸ್ತು ಇರಲಿಲ್ಲ. ಒಮ್ಮೆ ಹೇಳಿದ್ದನ್ನು ಮರುದಿನ ಬೇರೆಯೇ ಹೇಳುವರು, ನಾನು ನೆನಪಿಸಿದರೆ ಸಿಡುಕುವರು. ಬಾಬಿನ್ನಿಗೆ ಸುತ್ತಿದ ದಾರ ಯಾವ ಕಡೆಯಿಂದ ಹೊರಬರಬೇಕು ಎಂಬುದರ ಮೇಲೆ ನಮ್ಮಿಬ್ಬರಿಗೆ ಒಂದು ದಿನ ಜಗಳವೇ ಆಯಿತು. ಆ ದಿನ ನಾನು ಸರಿಯಿದ್ದೆ, ಆದರೆ ಅವರು ಒಪ್ಪಲಿಲ್ಲ.

ನವೆಂಬರಿನ ಮಧ್ಯದಲ್ಲಿ ಗಾಳಿ ಕೆಟ್ಟಿತು. ಪ್ರತಿ ವರ್ಷದ ಹಾಗೆಯೇ. ಬೆಳಿಗ್ಗೆ ಎದ್ದರೆ ಎದುರಿನ ಬ್ಲಾಕ್ ಕಾಣುವುದಿಲ್ಲ, ಗಂಟಲಲ್ಲಿ ಸುಟ್ಟ ವಾಸನೆ. ಶಾಲೆಗಳು ಮುಚ್ಚಿ ಪಾಠ ಮೊಬೈಲಿಗೆ ಬಂತು. ಹೆಂಡತಿಯ ಕಚೇರಿ ಮುಚ್ಚಲಿಲ್ಲ. ಅವಳು ಮಾಸ್ಕ್ ಹಾಕಿಕೊಂಡು ಹೋಗುವಳು, ನಾನು ಮತ್ತು ಮಗಳು ಕಿಟಕಿಗಳ ಸಂದಿಗೆ ಹಳೆಯ ಬಟ್ಟೆ ತುರುಕಿ ಒಳಗೆ ಕೂರುವೆವು. ಗಾಳಿ ಶುದ್ಧಮಾಡುವ ಯಂತ್ರ ಒಂದೇ ಇದ್ದುದರಿಂದ ಒಂದೇ ಕೋಣೆಯಲ್ಲಿ ಇಬ್ಬರೂ. ಆಂಟೀಜಿಯ ಮನೆಗೂ ಹೋಗುವಂತಿಲ್ಲ. ಆ ಬಾಗಿಲು ತೆರೆದಿಟ್ಟರೆ ಅವರಿಗೆ ಕೆಮ್ಮು, ಮುಚ್ಚಿದರೆ ಊರ ಬಾಯಿ.

ಮಿಷನ್ನನ್ನು ಬಾಲ್ಕನಿಯಿಂದ ಆ ಕೋಣೆಗೆ ಎಳೆದು ತಂದೆ. ದಪ್ಪ ಬಟ್ಟೆ ತರಿಸಿ ಕಿಟಕಿಗಳಿಗೆ ಪರದೆ ಹೊಲಿದೆ. ನಾನು ಪೂರ್ತಿಯಾಗಿ ಹೊಲಿದ ಮೊದಲ ವಸ್ತು ಅದು. ನಾಲ್ಕು ಅಂಚು ಮಡಚಿ ನೇರ ಹೊಲಿಗೆ ಹಾಕುವುದಷ್ಟೆ ಕೆಲಸ, ಕಲಿಯುವವನಿಗೆ ಹೇಳಿಮಾಡಿಸಿದಂಥದು. ತೂಗುಹಾಕಿದ ಮೇಲೆ ಹೊಗೆ ಒಳಗೆ ಬರುವುದು ಕಡಿಮೆಯಾಯಿತೋ ಇಲ್ಲವೋ, ಬೆಳಕು ಮಾತ್ರ ಪೂರ್ತಿ ನಿಂತಿತು. ಮಧ್ಯಾಹ್ನ ಹನ್ನೆರಡಕ್ಕೆ ಟ್ಯೂಬ್‌ಲೈಟ್ ಹಾಕಿಕೊಂಡು ಕೂತೆವು. ನನ್ನ ಮನೆಯನ್ನು ನಾನೇ ಇಷ್ಟು ಕತ್ತಲು ಮಾಡಿಕೊಂಡೆನಲ್ಲ ಎಂದುಕೊಂಡು, ಮಗಳಿಗೆ ಕಾಣದ ಹಾಗೆ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ.

ಆ ವಾರವೇ ಇರಬೇಕು. ಮಗಳ ಆನ್‌ಲೈನ್ ಪಾಠ ನಡೆಯುತ್ತಿತ್ತು. ನಾನು ಪಕ್ಕದಲ್ಲಿ ದಿಂಬಿನ ಕವರು ಹೊಲಿಯುತ್ತ, ಮಧ್ಯೆ ಮಧ್ಯೆ ಸದ್ದಾಗದಂತೆ ನಿಲ್ಲಿಸುತ್ತಿದ್ದೆ. ಟೀಚರು ಒಬ್ಬೊಬ್ಬರನ್ನೇ ತಂದೆತಾಯಿಯ ಉದ್ಯೋಗ ಕೇಳುತ್ತಿದ್ದರು. ಮಗಳ ಸರದಿ ಬಂತು.

"ಮೈ ಮಮ್ಮಾ ಈಸ್ ಎ ಗವರ್ನಮೆಂಟ್ ಆಫೀಸರ್" ಎಂದಳು ಜೋರಾಗಿ. ಆಮೇಲೆ ನನ್ನ ಕಡೆ ನೋಡಿ, ಮುಖ ಅರಳಿಸಿಕೊಂಡು, "ಮೈ ಪಪ್ಪಾ ಈಸ್ ಎ ದರ್ಜಿ!"

ತೆರೆಯ ಮೇಲಿನ ಪುಟ್ಟ ಪುಟ್ಟ ಚೌಕಗಳಲ್ಲಿ ಒಂದೆರಡು ತಾಯಂದಿರ ತಲೆಗಳು ಇಣುಕಿದವು. ಟೀಚರು "ವೆರಿ ನೈಸ್ ಬೇಟಾ, ಫ್ಯಾಶನ್ ಡಿಸೈನರ್!" ಎಂದು ತಿದ್ದಿದರು.

"ನಹೀಂ ಮ್ಯಾಮ್, ದರ್ಜಿ" ಎಂದಳು ನನ್ನ ಮಗಳು.

ಅವಳ ದನಿಯಲ್ಲಿ ಹೆಮ್ಮೆಯಿತ್ತು. ಅದು ನನಗೆ ಈಗ ಗೊತ್ತಾಗುತ್ತದೆ. ಆಗ ನನಗೆ ಕಿವಿ ಬಿಸಿಯಾಯಿತು. ದರ್ಜಿಯಾಗುವುದರಲ್ಲಿ ತಪ್ಪೇನು ಎಂದು ನಾನು ಬೇರೆಯವರಿಗೆ ಸಲೀಸಾಗಿ ಹೇಳಬಲ್ಲೆ. ನನ್ನನ್ನೇ ಹಾಗೆ ಕರೆದಾಗ, ಅದೂ ಮಗಳ ಬಾಯಲ್ಲಿ, ನಾನು ಓದಿದ್ದು ಪಾಠ ಮಾಡಿದ್ದು ಎಲ್ಲವೂ ಅಳಿಸಿಹೋದಂತಾಯಿತು. ಅವಳ ನೆನಪಿನಲ್ಲಿ ನಾನು ಮೇಷ್ಟ್ರಾಗಿ ಇರಲೇ ಇಲ್ಲ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಅವಳು ನಕ್ಕುಬಿಟ್ಟಳು. ನನ್ನ ಮುಖ ನೋಡಿ ನಿಲ್ಲಿಸಿದಳು.

ಮಿಷನ್ ಮೇಲೆ ಮತ್ತೆ ಬೆಡ್‌ಶೀಟು ಹೊದಿಸಿದೆ. ಕೆಲವು ದಿನ ಅತ್ತ ಸುಳಿಯಲಿಲ್ಲ. ಗಾಳಿ ತುಸು ತಿಳಿಯಾಗಿ ಶಾಲೆ ತೆರೆದರೂ ನಾನು ಕೆಳಗಿಳಿಯಲಿಲ್ಲ. ಆಂಟೀಜಿಯೇ ಇಂಟರ್‌ಕಾಮ್ ಮಾಡಿದರು.

"ತಬಿಯತ್ ಸರಿಯಿಲ್ವಾ ಬೇಟಾ? ನನ್ನ ಸೂಜಿ ಖಾಲಿ ಕೂತಿದೆ."

ನಡೆದದ್ದನ್ನು ಹೇಳಿದೆ. ಅವರು ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ.

"ದರ್ಜಿ? ನೀನು?" ಎಂದರು. "ಕಾಲರ್ ಹೊಲಿಯಕ್ಕೆ ಬರಲ್ಲ, ಕಾಜಾ ಮಾಡಕ್ಕೆ ಬರಲ್ಲ. ಯಾವ ಲೆಕ್ಕದಲ್ಲಿ ದರ್ಜಿ? ನಿನ್ನ ಮಗಳಿಗೆ ಹೇಳು, ಸುಳ್ಳು ಹೇಳಬಾರದು ಅಂತ. ಚಲೋ, ಕೆಳಗೆ ಬಾ."

ಇಳಿದು ಹೋದೆ. ಅಂದು ಗುಂಡಿಯ ಕಾಜಾ ಕೈಯಲ್ಲಿ ಕಟ್ಟುವುದನ್ನು ಶುರುಮಾಡಿದೆವು.

ಫೆಬ್ರುವರಿಯ ಒಂದು ಮಧ್ಯಾಹ್ನ ನನ್ನ ಹಳೆಯ ಪ್ರಾಂಶುಪಾಲರ ಫೋನು ಬಂತು. ನನ್ನ ವಿಷಯದ ಹಿರಿಯ ಮೇಷ್ಟ್ರೊಬ್ಬರು ಬಿಡುತ್ತಿದ್ದಾರೆ, ಈ ಸಲ ಖಾಯಂ ಮಾಡಿಕೊಳ್ಳುತ್ತಾರೆ, ಜೂನ್‌ಗೆ ಬಂದು ಸೇರಬೇಕು ಎಂದರು. "ಏನ್ ಮೇಷ್ಟ್ರೇ, ಎಷ್ಟು ದಿನ ಅಂತ ಅಲ್ಲಿರ್ತೀರಿ? ಮಂಡಳಿಯವರ ಹತ್ರ ನಿಮ್ಮ ಹೆಸರು ನಾನೇ ಹೇಳೀನಿ. ತಿಂಗಳೊಳಗ ಒಂದು ಮಾತು ತಿಳಿಸಿ." ಫೋನು ಇಟ್ಟಮೇಲೆ ನಾನು ಮನೆಯ ತುಂಬ ಓಡಾಡಿದೆ. ಓಡಾಡಲು ಅಲ್ಲಿ ಜಾಗವೇ ಇಲ್ಲ, ಆದರೂ ಓಡಾಡಿದೆ. ಹಾಜರಿ ಕರೆಯುವುದು ನೆನಪಾಯಿತು. ಕರಿಹಲಗೆಯ ಮೇಲೆ ಗೆರೆ ಎಳೆದು ಎಡಕ್ಕೆ ಖರ್ಚು ಬಲಕ್ಕೆ ಜಮೆ ಬರೆಯುವಾಗ ಬೆನ್ನ ಹಿಂದೆ ಬೀಳುವ ಮೌನ ನೆನಪಾಯಿತು.

ಸಂಜೆ ಹೆಂಡತಿ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು. "ರೀ, ಪ್ರಮೋಶನ್ ಆಗ್ತಿದೆ. ಇಲ್ಲೇ. ಡೆಪ್ಯುಟೇಶನ್ನೂ ಎರಡು ವರ್ಷ ಮುಂದಕ್ಕೆ ಹೋಗುತ್ತೆ."

ನಾನು ಶುಭಾಶಯ ಹೇಳಿದೆ. ಟೀ ಮಾಡಿಕೊಟ್ಟೆ. ನನ್ನ ಸುದ್ದಿ ಹೇಳಿದ್ದು ಮಗಳು ಮಲಗಿದ ಮೇಲೆ, ಪಾತ್ರೆ ತೊಳೆಯುತ್ತ, ಅವಳ ಕಡೆ ತಿರುಗದೆ.

"ಹೋಗಿ ಮತ್ತೆ" ಎಂದಳು ಅವಳು.

"ಹೋಗಿ ಅಂದ್ರೆ? ಇವಳನ್ನ ಯಾರು ನೋಡ್ಕೊಳ್ತಾರೆ? ನೀನು ಮನೆ ಸೇರೋದೇ ಎಂಟಕ್ಕೆ."

"ಆಯಾ ಇಡೋಣ. ಇಲ್ಲಾಂದ್ರೆ ಕ್ರೆಶ್‌ಗೆ ಹಾಕೋಣ. ಬೇರೆಯವರ ಮಕ್ಕಳು ಬೆಳೀತಿಲ್ವಾ?"

"ಹಂಗಂತ ಬಿಟ್ಟುಹೋಗಕ್ಕಾಗುತ್ತಾ?"

"ಮತ್ತೆ ಬಿಡಬೇಡಿ. ಎರಡರಲ್ಲಿ ಒಂದು ಹೇಳಿ. ನಿಮ್ಮನ್ನ ನಾನು ಕಟ್ಟಿಹಾಕಿಲ್ಲ ರೀ."

"ನೀನು ಕಟ್ಟಿಹಾಕಿಲ್ಲ ಕಣೇ. ಅದೇ ಕಷ್ಟ. ಯಾರಾದ್ರೂ ಕಟ್ಟಿಹಾಕಿದ್ರೆ ಅವರ ಮೇಲಾದ್ರೂ ಸಿಟ್ಟು ಮಾಡ್ಕೋಬಹುದಿತ್ತು."

ಅವಳು ಗೋಡೆಗೊರಗಿ ನಿಂತಳು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು. "ಇವಳು ಹುಟ್ಟಿದ ಮೇಲೆ ನಾನು ರಜಾ ಹಾಕಿ ದಾವಣಗೆರೆಲಿ ನಿಮ್ಮಮ್ಮನ ಜೊತೆ ಇದ್ದೆನಲ್ಲ, ನೆನಪಿದೆಯಾ? ನೀವು ಕಾಲೇಜಿಂದ ಬಂದು ದಿನಾ ಕೇಳ್ತಿದ್ರಿ, 'ಇವತ್ತು ಏನ್ ಮಾಡ್ದೆ?' ಅಂತ. ನಾನು ಏನಂತಿದ್ದೆ?"

"ಏನಿಲ್ಲ ಅಂತಿದ್ದೆ."

"ಈಗ ನೀವು ಅಂತೀರಿ."

ಅವಳ ದನಿಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ದಣಿದಿದ್ದಳು. ಗೋಡೆಗೊರಗಿ ನಿಂತವಳು ಹಾಗೇ ಜಾರಿ ಅಡುಗೆಮನೆಯ ನೆಲದ ಮೇಲೆ ಕೂತಳು. ನಾನು ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತೆ. ಅಂದು ಅಲ್ಲಿ ಏನೂ ತೀರ್ಮಾನವಾಗಲಿಲ್ಲ.

ತಿಂಗಳು ಮುಗಿಯುವ ಮೊದಲು ನಾನೇ ಪ್ರಾಂಶುಪಾಲರಿಗೆ ಫೋನು ಮಾಡಿ ಆಗುವುದಿಲ್ಲ ಎಂದೆ. "ಸರಿ ಬಿಡ್ರಿ, ಇನ್ನೊಬ್ಬರು ಇದ್ದಾರೆ" ಎಂದರು. ಇಷ್ಟು ಬೇಗ ಅವರು ಸರಿ ಎನ್ನುತ್ತಾರೆ ಎಂದು ನಾನು ಎಣಿಸಿರಲಿಲ್ಲ. ತ್ಯಾಗ ಮಾಡಿದವರಿಗೆ ಮನಸ್ಸು ಹಗುರಾಗುತ್ತದೆ ಎಂದು ಕೇಳಿದ್ದೆ. ನನಗೆ ಹಾಗಾಗಲಿಲ್ಲ. ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಮಗಳ ಫ್ರಾಕಿಗೆಂದು ತಂದಿದ್ದ ಬಟ್ಟೆಯನ್ನು ಅದೇ ಸಿಟ್ಟಿನಲ್ಲಿ ಕತ್ತರಿಸಲು ಕೂತು, ಎದೆಯ ನಡುಭಾಗ ಬಟ್ಟೆಯ ಮಡಿಕೆಯ ಕಡೆ ಬರುವಂತೆ ಇಡುವ ಬದಲು ತೆರೆದ ಅಂಚಿನ ಕಡೆ ಇಟ್ಟು ಕತ್ತರಿಸಿದೆ. ಎದೆಯ ಭಾಗ ಎರಡು ತುಂಡಾಗಿ ಬಂತು.

ಏಪ್ರಿಲ್‌ನಲ್ಲಿ ಆಂಟೀಜಿ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ಮಗನಿಗೆ ಅಷ್ಟು ಸಾಕಾಯಿತು. ಗುರುಗ್ರಾಮದಲ್ಲಿದ್ದ ಅವನು ಬಂದು ಅವರನ್ನು ಕರೆದೊಯ್ದ, ಜೊತೆಗೆ ಅವರ ಒಂದು ಮಿಷನ್ನನ್ನೂ ಸಾಗಿಸಿದ. ತಗಡಿನ ಬೋರ್ಡು ಹಾಗೇ ತೂಗುತ್ತಿತ್ತು. ಹೋಗುವಾಗ ನಾನು ಕಾರಿನವರೆಗೂ ಕೈಹಿಡಿದು ನಡೆಸಿದೆ. "ಬ್ಲೌಸ್ ಕಲಿಸೋದು ಉಳೀತು" ಎಂದರು. ಅದೊಂದೇ ಅವರಿಗೆ ಹೊಳೆದ ಮಾತು.

ಉಳಿದದ್ದನ್ನು ನಾನೇ ಮಾಡಹೊರಟೆ. ಹೆಂಡತಿಯನ್ನು ನಿಲ್ಲಿಸಿ ಟೇಪು ಹಿಡಿದು ಅಳತೆ ತೆಗೆದೆ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳ ಎರಡು ಭುಜಗಳಲ್ಲಿ ಎಡದ್ದು ತುಸು ಕೆಳಗಿದೆ ಎಂದು ನನಗೆ ಗೊತ್ತಿರಲಿಲ್ಲ.

"ಲ್ಯಾಪ್‌ಟಾಪ್ ಬ್ಯಾಗ್ ಹೊತ್ತು ಹೊತ್ತು ಹಂಗಾಗಿದೆ" ಎಂದಳು. "ಬೇಗ ಮುಗಿಸಿ ರೀ, ಕಚಗುಳಿ ಆಗುತ್ತೆ." ಅಡುಗೆಮನೆಯ ಆ ಜಗಳದ ನಂತರ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅಂದೇ ಇರಬೇಕು.

ಹಳೆಯ ಸೀರೆಯ ಬಟ್ಟೆಯಲ್ಲಿ ಹೊಲಿದ ಆ ಬ್ಲೌಸಿನ ತೋಳು ಕೂರಲೇ ಇಲ್ಲ. ಎಷ್ಟು ಬಿಚ್ಚಿ ಹೊಲಿದರೂ ಕಂಕುಳಲ್ಲಿ ಸುಕ್ಕು. ಕೊನೆಗೆ ಒಂದು ದಿನ ಮಗಳು ಶಾಲೆಯಲ್ಲಿದ್ದಾಗ ಅದನ್ನು ಚೀಲಕ್ಕೆ ಹಾಕಿಕೊಂಡು ಮೆಟ್ರೋ ಹತ್ತಿದೆ. ಮಧ್ಯದಲ್ಲಿ ಬದಲಾಯಿಸಿ, ನಿಂತು, ಕೂತು, ಗುರುಗ್ರಾಮ ಸೇರುವಷ್ಟರಲ್ಲಿ ಮಗಳನ್ನು ಕರೆತರಲು ಎಷ್ಟು ಹೊತ್ತಿಗೆ ಹೊರಡಬೇಕು ಎಂಬ ಲೆಕ್ಕ ತಲೆಯಲ್ಲಿ ಶುರುವಾಗಿತ್ತು.

ಬಹಳ ಎತ್ತರದ ಕಟ್ಟಡ. ಕೆಳಗೆ ಗೇಟಿನವನು ಮೇಲಕ್ಕೆ ಫೋನು ಮಾಡಿ ಒಪ್ಪಿಗೆ ಕೇಳಿದ. ಆಂಟೀಜಿಯ ಸೊಸೆ ಕೆಲಸಕ್ಕೆ ಹೋಗಿದ್ದಳು, ನೋಡಿಕೊಳ್ಳುವ ಹುಡುಗಿಯೊಬ್ಬಳಿದ್ದಳು. ಅವರು ದೊಡ್ಡ ಸೋಫಾದ ತುದಿಯಲ್ಲಿ, ಯಾರದೋ ಮನೆಗೆ ಬಂದವರಂತೆ ಕೂತಿದ್ದರು. ಅವರ ಮಿಷನ್ ಹಾಲ್‌ನ ಮೂಲೆಯಲ್ಲಿತ್ತು. ಚೆನ್ನಾಗಿ ಒರೆಸಿ ಹೊಳೆಯುವಂತೆ ಮಾಡಿ, ಮೇಲೊಂದು ಗಿಡದ ಕುಂಡ ಇಟ್ಟಿದ್ದರು.

"ಚೆನ್ನಾಗಿ ಕಾಣುತ್ತೆ ಅಂತಾಳೆ ಸೊಸೆ" ಎಂದರು. "ಒಳ್ಳೆ ಹುಡುಗಿ. ಎಲ್ಲ ನೋಡ್ಕೊಳ್ತಾಳೆ. ಮಿಷನ್ನಿನ ಬೆಲ್ಟ್ ತೆಗೆದಿಟ್ಟಿದಾಳೆ, ನಾನು ತುಳಿದು ಸುಸ್ತು ಮಾಡ್ಕೋಬಾರದು ಅಂತ."

"ಕೆಳಗೆ ಪಾರ್ಕಿಗೆ ಹೋಗ್ತೀರಾ?"

"ಲಿಫ್ಟಿನಲ್ಲಿ ನನಗೆ ಗುಂಡಿ ಕಾಣಲ್ಲ. ಯಾವುದು ಒತ್ತಿದರೆ ಯಾವ ಮನೆಗೆ ಹೋಗ್ತೀನೋ." ಕಿಟಕಿಯ ಕಡೆ ಕೈ ತೋರಿದರು. "ಇದು ತೆಗೆಯೋ ಕಿಟಕಿ ಅಲ್ಲ, ನೋಡೋ ಕಿಟಕಿ. ನನಗೆ ನೋಡಕ್ಕೂ ಆಗಲ್ಲ."

ಅವರು ದೂರುತ್ತಿರಲಿಲ್ಲ. ಹವೆಯ ಬಗ್ಗೆ ಹೇಳುವಂತೆ ಹೇಳಿದರು. ಅವರನ್ನು ಇಲ್ಲಿಂದ ಕರೆದುಕೊಂಡು ಹೋಗುವ ಮಾತಾಡಲು ನಾನು ಯಾರು? ಚೀಲದಿಂದ ಬ್ಲೌಸು ತೆಗೆದು ಕೊಟ್ಟೆ.

ಅವರ ಬೆರಳುಗಳು ಕಂಕುಳ ಹೊಲಿಗೆಯ ಮೇಲೆ ಹರಿದಾಡಿದವು. ಕಣ್ಣಿಗೆ ಹತ್ತಿರ ಹಿಡಿಯಲೂ ಇಲ್ಲ. "ಬ್ಲೇಡ್ ಕೊಡೇ" ಎಂದು ಆ ಹುಡುಗಿಗೆ ಹೇಳಿದರು. ಅವಳು ಹೆದರಿ ನನ್ನ ಮುಖ ನೋಡಿದಳು. ಕೊನೆಗೆ ಸೂಜಿಯೊಂದನ್ನು ತಂದುಕೊಟ್ಟಳು. ಆಂಟೀಜಿ ಅದರಿಂದಲೇ ಒಂದೊಂದು ಹೊಲಿಗೆಯನ್ನೂ ಎತ್ತಿ ಬಿಚ್ಚುತ್ತ ಹೋದರು. ಎರಡು ತೋಳುಗಳೂ ಬಿಡಿಯಾಗಿ ಅವರ ಮಡಿಲಿಗೆ ಬಿದ್ದವು.

"ತೋಳು ಅದಲುಬದಲು ಹಾಕಿದೀಯ ಬೇಟಾ. ಎಡದ್ದು ಬಲಕ್ಕೆ."

ನನಗೆ ನಗು ಬಂತು. ಅವರೂ ನಕ್ಕರು. ನಗುತ್ತ ನಗುತ್ತ ಅವರ ಗಲ್ಲ ಒದ್ದೆಯಾಯಿತು. ಪೊರೆ ಬಂದ ಕಣ್ಣು ಸದಾ ನೀರಾಡುತ್ತದೆ ಎಂದು ಅವರು ಹಿಂದೊಮ್ಮೆ ಹೇಳಿದ್ದರು, ಅದಕ್ಕೇ ಇರಬಹುದು ಎಂದುಕೊಂಡೆ. ಇಷ್ಟು ಬೇಗ ಹೋಗುತ್ತೀಯಾ ಎಂದರು. ಮಗಳ ಬಸ್ಸು ಬರುತ್ತದೆ ಎಂದೆ. ಬಿಡಿ ತೋಳುಗಳನ್ನು ಬ್ಲೌಸಿನೊಳಗೇ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟೆ.

ಆ ಬ್ಲೌಸು ಮುಗಿಯಿತು. ಹೆಂಡತಿ ಅದನ್ನು ಒಮ್ಮೆ ತೊಟ್ಟಳು, ಸೆರಗು ಹೊದ್ದು. ಎಡಭುಜದ ಹತ್ತಿರ ಈಗಲೂ ಎಳೆಯುತ್ತದೆ. ಆಂಟೀಜಿಗೆ ವಾರಕ್ಕೊಮ್ಮೆ ಫೋನು ಮಾಡುತ್ತೇನೆ. ಹೋಗಿಬರುವುದು ಆಮೇಲೆ ಒಂದೇ ಸಲ ಸಾಧ್ಯವಾಯಿತು. ಬೆಲ್ಟ್ ಎಲ್ಲಿಟ್ಟಿದ್ದಾರೆ ಎಂದು ಆ ಹುಡುಗಿಯನ್ನು ಕೇಳಿ ಹಾಕಿಕೊಟ್ಟು ಬಂದೆ. ಸೊಸೆ ಮತ್ತೆ ತೆಗೆದಿಟ್ಟಳೋ ಇಲ್ಲವೋ, ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ನಾವು ಇನ್ನೂ ಅದೇ ಮನೆಯಲ್ಲಿದ್ದೇವೆ. ಊರಿಗೆ ಹಿಂತಿರುಗುವ ಮಾತನ್ನು ಈಗ ನಾವು ವರ್ಷ ಹೇಳಿ ಆಡುವುದಿಲ್ಲ. ಕೆಲವು ದಿನ ಬೆಳಿಗ್ಗೆ ಹೆಂಡತಿ ಮಗಳು ಇಬ್ಬರೂ ಹೋಗಿ ಬಾಗಿಲು ಮುಚ್ಚಿಕೊಂಡೊಡನೆ ಎದೆಯ ಮೇಲೆ ಏನೋ ಬಂದು ಕೂರುತ್ತದೆ. ಹೊಲಿಗೆ ಅದನ್ನು ಎಬ್ಬಿಸಿ ಕಳಿಸಿಲ್ಲ. ಮಿಷನ್ ತುಳಿಯುವಷ್ಟು ಹೊತ್ತು ಮಾತ್ರ ಅದರ ಕಡೆ ನೋಡದೆ ಇರಬಹುದು, ಏಕೆಂದರೆ ಕಣ್ಣು ಸೂಜಿಯ ಮೇಲಿರಬೇಕು. ಮೊನ್ನೆ ಮಗಳ ಚಳಿಗಾಲದ ಕೋಟಿನ ಒಳಮೈಗೆ ಅಸ್ತರು ಹಾಕಲೆಂದು ಅವಳನ್ನು ನಿಲ್ಲಿಸಿ ಗುಂಡುಪಿನ್ನು ಚುಚ್ಚುತ್ತಿದ್ದೆ. ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಿದ್ದಳು.

"ಅಲ್ಲಾಡಬೇಡ್ವೇ, ಚುಚ್ಚುತ್ತೆ."

"ಪಪ್ಪಾ, ಔರ್ ಕಿತನಾ ಟೈಮ್?"

"ಕನ್ನಡದಲ್ಲಿ ಕೇಳು."

ಅವಳು ಯೋಚಿಸಿದಳು. "ಇನ್ನೂ... ಎಷ್ಟು ಇದೆ?"

"ಕಂಕುಳ ಹತ್ರ ಒಂದೇ ಒಂದು" ಎಂದು ಹೇಳಿ, ಅವಳ ಕೈಯನ್ನು ಮೇಲಕ್ಕೆತ್ತಿ ಹಿಡಿಯಲು ಹೇಳಿದೆ.